ಒಡನಾಡಿ ಕಪಿಯ ಕೈಗೆ ಒಡಿಕತ್ತಿ: ನಮ್ಮ ಟೇಬಲ್‌ನಲ್ಲಿ ಮಾಡಿಕೊಂಡ ನಿಯಮ

ಮಡಿಕೇರಿಯಲ್ಲಿ ನಾವು ಆಡುವುದು ಪಾತ್‌ಫೈಂಡರ್‌ನ ಮೊದಲ ಆವೃತ್ತಿ: ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟ. ಕಥೆಯ ಕಾಡು ಬ್ರಹ್ಮಗಿರಿಯ ಶೋಲಾದಂಥದ್ದು, ಪಾತ್ರಗಳ ಸೊಂಟದಲ್ಲಿ ಕೊಡಗಿನ ಅಗಲ ಅಲಗಿನ ಒಡಿಕತ್ತಿ, ಚಿಕ್ಕ ಪೀಚೆಕತ್ತಿ. ಹೀಗಿರುವಾಗ ಡ್ರೂಯಿಡ್ (ಕಾಡಿನ ಮಾಂತ್ರಿಕ) ಆಡುವವರು ದೊಡ್ಡ ಕಪಿಯನ್ನು ಒಡನಾಡಿಯಾಗಿ, ಅಂದರೆ ಜೊತೆಗೆ ನಿಂತು ಕಾದಾಡುವ ಪ್ರಾಣಿಯಾಗಿ, ತೆಗೆದುಕೊಂಡರೆ ಒಂದು ಮಾತು ಬಂದೇ ಬರುತ್ತದೆ: ‘ಅಣ್ಣಾ, ಇದಕ್ಕೂ ಒಂದು ಒಡಿಕತ್ತಿ ಕೊಡೋಣ.’ ಕೊಡಬಹುದು. ಆದರೆ ಕತ್ತಿ ಕೈಗೆ ಬಂದರೆ ಏಟಿನ ಬಲ ಹೆಚ್ಚುತ್ತದೆ ಎಂಬ ಲೆಕ್ಕ ತಪ್ಪು.

ಮೊದಲು ಅರ್ಹತೆ. ಕಪಿಯ ಬುದ್ಧಿ 2. ಆ ಮಟ್ಟದ ಪ್ರಾಣಿಗೆ ಫೀಟ್‌ಗಳ (ಆಯ್ದುಕೊಳ್ಳುವ ವಿಶೇಷ ಪರಿಣತಿಗಳ) ಪಟ್ಟಿಯೇ ಚಿಕ್ಕದು, ಆಯುಧ ಬಳಸುವ ಫೀಟ್ ಅದರಲ್ಲಿಲ್ಲ. ಡ್ರೂಯಿಡ್ 4ನೇ ಲೆವೆಲ್ ಮುಟ್ಟಿದಾಗ ಒಡನಾಡಿಯ ಯಾವುದಾದರೂ ಒಂದು ಸಾಮರ್ಥ್ಯಕ್ಕೆ 1 ಸೇರಿಸಬಹುದು. ಅದನ್ನು ಬುದ್ಧಿಗೆ ಹಾಕಿ 3 ಮಾಡಿದರೆ, ಮೈಕಟ್ಟು ಒಪ್ಪುವ ಯಾವ ಫೀಟ್ ಬೇಕಾದರೂ ಸಿಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅಷ್ಟು ಹೊತ್ತಿಗೆ ಕಪಿಯ ಎರಡೂ ಫೀಟ್ ಖರ್ಚಾಗಿರುತ್ತವೆ, ಮೂರನೆಯದು ಬರುವುದು ಡ್ರೂಯಿಡ್‌ನ 5ನೇ ಲೆವೆಲ್‌ಗೆ. ಅಲ್ಲಿಯವರೆಗೆ ಕತ್ತಿಯ ಪ್ರತಿ ಏಟಿಗೂ ದಾಳದ ಅಂಕಿಯಲ್ಲಿ −4. 4ನೇ ಲೆವೆಲ್‌ನಲ್ಲೇ ಕಪಿ ಮನುಷ್ಯರಿಗಿಂತ ಒಂದು ಹಂತ ದೊಡ್ಡದಾದ ಲಾರ್ಜ್ ಗಾತ್ರಕ್ಕೆ ಬೆಳೆಯುವುದರಿಂದ ಮನುಷ್ಯರ ಅಳತೆಯ ಕತ್ತಿ ಹಿಡಿದರೆ ಇನ್ನೂ −2. ಅದರ ಅಳತೆಗೆ ಮಾಡಿಸಿದ ಕತ್ತಿಗೆ ಬೆಲೆಯೂ ತೂಕವೂ ದುಪ್ಪಟ್ಟು.

ಈಗ 5ನೇ ಲೆವೆಲ್‌ನ ಲೆಕ್ಕ. ಕಪಿಯ ಬಲ 22, ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕಿ) 17 ಎಂದುಕೊಳ್ಳಿ. ಬರಿಗೈಯಲ್ಲಿ ಒಂದು ಕಡಿತ, ಎರಡು ಪರಚು: ಮೂರಕ್ಕೂ 20 ಮುಖದ ದಾಳಕ್ಕೆ +8, ತಾಗಿದರೆ ಪ್ರತಿಯೊಂದಕ್ಕೆ ಹಾನಿ 1ಡಿ6+6 (ಆರು ಮುಖದ ಒಂದು ದಾಳ, ಜೊತೆಗೆ 6). ಕ್ರಿಟಿಕಲ್ (ಹಾನಿ ಹೆಚ್ಚಿಸುವ ಅದೃಷ್ಟದ ಏಟು) ಬಿಟ್ಟರೆ ಪ್ರತಿ ಸುತ್ತಿನ ಸರಾಸರಿ ಹಾನಿ 17. ಒಡಿಕತ್ತಿಗೆ ನಾನು ಕೈಕೊಡಲಿಯ ಅಂಕಿಗಳನ್ನೇ ಇಟ್ಟಿದ್ದೇನೆ, ಲಾರ್ಜ್ ಗಾತ್ರಕ್ಕೆ 1ಡಿ8. ಕತ್ತಿ ಹಿಡಿದ ಕೈ ಪರಚುವಂತಿಲ್ಲ. ಉಳಿದ ಪರಚು, ಕಡಿತ ಎರಡೂ ಎರಡನೇ ದರ್ಜೆಗೆ ಇಳಿದು −5 ತೆಗೆದುಕೊಳ್ಳುತ್ತವೆ, ಹಾನಿಗೆ ಬಲದಿಂದ ಬರುವ +6ರಲ್ಲಿ ಅರ್ಧ ಮಾತ್ರ ಸೇರುತ್ತದೆ. ಫೀಟ್ ಇದ್ದೂ ಸರಾಸರಿ ಸುಮಾರು 11!

ಹಾಗಾದರೆ ಕತ್ತಿ ಯಾಕೆ? ಬೆಳ್ಳಿಗೋ ಕೋಲ್ಡ್ ಐರನ್‌ಗೋ (ಒಂದು ಬಗೆಯ ವಿಶೇಷ ಕಬ್ಬಿಣ) ಮಾತ್ರ ಬಗ್ಗುವ, 10ರ ಡ್ಯಾಮೇಜ್ ರಿಡಕ್ಷನ್ (ಪ್ರತಿ ಏಟಿನ ಹಾನಿಯಲ್ಲಿ 10 ಕಳೆಯುವ ರಕ್ಷಣೆ) ಇರುವ ಶತ್ರು ಎದುರಾದಾಗ. ಅಲ್ಲಿ ಕಪಿಯ ಪರಚು ಹೆಚ್ಚಿನ ಸಲ ಚರ್ಮಕ್ಕೂ ತಾಗುವುದಿಲ್ಲ, ಆ ಶತ್ರುವಿಗೆ ತಕ್ಕ ಲೋಹದ ಒಡಿಕತ್ತಿಯ ಏಟಿನಲ್ಲಿ ಆ 10 ಕಳೆಯುವುದಿಲ್ಲ. ಓಡಿಹೋಗಿ ಒಂದೇ ಏಟು ಹಾಕಬೇಕಾದ ಸುತ್ತಿನಲ್ಲಿ ಎರಡೂ ಕೈಯ ದೊಡ್ಡ ದೊಣ್ಣೆಯೇ ಮೇಲು: 2ಡಿ8+9.

ದೊಣ್ಣೆ ಹಿಡಿದ ಕಪಿಗೆ ಮರ ಹತ್ತಲು ಕೈ ಬಿಡುವಿಲ್ಲ. ಒಡಿಕತ್ತಿಯ ಸೊಗಸು ಇರುವುದು ಇಲ್ಲಿ. ಬೆನ್ನ ಹಿಂದಿನ ತೋಡಂಗಿಗೆ (ಕತ್ತಿ ಸಿಕ್ಕಿಸುವ ಲೋಹದ ಕೊಕ್ಕೆ) ಸಿಕ್ಕಿಸಿದರೆ ಎರಡೂ ಕೈ ಖಾಲಿ. ಸಿಕ್ಕಿಸುವುದಕ್ಕೆ ಒಂದು ಮೂವ್ ಆಕ್ಷನ್ (ಆ ಸರದಿಯಲ್ಲಿ ನಡೆಯಲು ಸಿಗುವ ಪಾಲು) ಹೋಗುತ್ತದೆ, ಪಕ್ಕದಲ್ಲಿ ಶತ್ರು ಇದ್ದರೆ ಅವನಿಗೊಂದು ಪುಕ್ಕಟೆ ಏಟು. ಹಿರಿಯುವಾಗ ಆ ಅಪಾಯವಿಲ್ಲ.

ಬುದ್ಧಿ 3 ಆದರೂ ಅದು ಪ್ರಾಣಿಯೇ, ಆಜ್ಞೆ ಬೇಕು. ನಮ್ಮ ಟೇಬಲ್‌ನಲ್ಲಿ ‘ಹಿಡಿ’, ‘ಇಡು’ ಎಂಬ ಎರಡು ಬೇರೆ ಟ್ರಿಕ್ (ಪ್ರಾಣಿಗೆ ಕಲಿಸುವ ಆಜ್ಞೆ) ಸೇರಿಸಿದ್ದೇನೆ. ಪುಸ್ತಕದ ದಾಳಿ ಟ್ರಿಕ್‌ನಂತೆ ಒಂದೊಂದಕ್ಕೂ ಒಂದು ವಾರದ ತರಬೇತಿ, ಡಿಸಿ (ದಾಳದಲ್ಲಿ ಮುಟ್ಟಬೇಕಾದ ಗುರಿ) 20. ‘ಇಡು’ ಕಲಿಸದೆ ಬಿಟ್ಟರೆ ಕಪಿ ಕತ್ತಿ ಹಿಡಿದುಕೊಂಡೇ ಊರೊಳಗೆ ಬರುತ್ತದೆ. ಇನ್ನೊಂದು ಮರೆಯಬಾರದ ವಿಷಯ: ದಾಳಿ ಟ್ರಿಕ್ಕನ್ನು ಒಂದೇ ಸಲ ಕಲಿತ ಪ್ರಾಣಿ ಅಸ್ಥಿಪಂಜರದಂಥ ಅಸಹಜ ಜೀವಿಯ ಮೇಲೆ ಬೀಳುವುದಿಲ್ಲ. ಎರಡನೇ ಸಲವೂ ಕಲಿಸಬೇಕು.

ಬೇರೆ ಪ್ರಾಣಿಗಳ ಮಾತು ಚಿಕ್ಕದು. ನಾಯಿಯ ಬಾಯಿಗೆ ಚೂರಿ ಕೊಟ್ಟರೆ ಕಡಿತ ಹೋಯಿತು, ಹಾಗಾಗಿ ಕೊಡುವುದಿಲ್ಲ. ನಮ್ಮ ತೋಟಗಳಲ್ಲಿ ಕಾಣುವ ಮಂಗನಂಥದ್ದು ಕತ್ತಿ ತಂದುಕೊಡಬಹುದು, ಹಗ್ಗ ಬಿಚ್ಚಬಹುದು, ಬೀಸುವಂತಿಲ್ಲ. ಆನೆಯ ದಂತಕ್ಕೆ ಅಲಗು ತೊಡಿಸುವುದು ನಮ್ಮ ದೇಶದ ಯುದ್ಧಗಳಲ್ಲಿ ನಿಜಕ್ಕೂ ಇತ್ತು. ಅದನ್ನು ಹಿಡಿಯುವ ಆಯುಧವೆಂದು ಎಣಿಸದೆ, ಫೀಟ್ ಕೇಳದೆ, ತಿವಿತದ ದಾಳವನ್ನು ಒಂದು ಹಂತ ಏರಿಸುತ್ತೇನೆ. ಸೊಂಡಿಲಿನಲ್ಲಿ ಸರಪಳಿ ಬೀಸಿದರೆ ಮಾತ್ರ −4.

ಶೀಟಿನಲ್ಲಿ ಕಪಿಗೆ ‘ಬರಿಗೈ’, ‘ಒಡಿಕತ್ತಿ’ ಎಂದು ಎರಡು ಸಾಲು ಮೊದಲೇ ಬರೆದಿಡಿಸಿ, ಎರಡನೆಯದರಲ್ಲಿ ಕಡಿತ, ಪರಚಿಗೆ 5 ಕಳೆದ ಅಂಕಿಯನ್ನೇ ಹಾಕಿಸಿ. ಹಾಗೆ ಮಾಡಿದರೆ ದಾಳ ಉರುಳಿಸುವ ಹೊತ್ತಿಗೆ ಯಾರೂ ಕೂಡಿ ಕಳೆಯುತ್ತಾ ಕೂರಬೇಕಿಲ್ಲ.