ಮಗ್ಗಕ್ಕೆ ಕೂರುವ ಸೊಂಟ

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರಲ್ಲಿ ಸೊಂಟನೋವಿನ ಮಾತು ಬಾರದ ಮನೆ ಅಪರೂಪ. ಗುಂಡಿಮಗ್ಗದಲ್ಲಿ ಕಾಲು ಕೆಳಗೆ ತುಳಿಯುತ್ತಿರುತ್ತದೆ, ಒಂದು ಕೈ ಲಾಳಿಯ ಹಗ್ಗ ಜಗ್ಗುತ್ತದೆ, ಇನ್ನೊಂದು ಹಲಗೆ ಬಡಿಯುತ್ತದೆ. ಕೈಕಾಲು ದಿನವಿಡೀ ಓಡುವಾಗ ನಡು ಮಾತ್ರ ಅಲುಗದೆ ನಿಲ್ಲಬೇಕು. ಅದನ್ನು ನಿಲ್ಲಿಸುವ ಸ್ನಾಯುಗಳು ಯಾವುವು ಎಂದು ಚಿತ್ರದುರ್ಗದ ಫಿಸಿಯೋಥೆರಪಿಸ್ಟ್ ಒಬ್ಬರು ಬಿಡಿಸಿ ಹೇಳಿದ ಮೇಲೆಯೇ ನನ್ನ ನೋವು ಹಿಡಿತಕ್ಕೆ ಬಂದದ್ದು.

ಮೇಲೆ ಎದೆಗೂ ಹೊಟ್ಟೆಗೂ ನಡುವಿನ ವಪೆ, ಕೆಳಗೆ ಶ್ರೋಣಿಯ ತಳದ ಸ್ನಾಯುಗಳು, ಮುಂದೆ ಮತ್ತು ಪಕ್ಕದಲ್ಲಿ ಹೊಟ್ಟೆಯ ಪದರಗಳು, ಹಿಂದೆ ಬೆನ್ನುಮೂಳೆಗೆ ಅಂಟಿದ ಮಲ್ಟಿಫಿಡಸ್: ಇವೆಲ್ಲ ಸೇರಿ ಕೋರ್. ಹೊಟ್ಟೆಯ ಅತಿ ಒಳಪದರವಾದ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ನಡುಪಟ್ಟಿಯ ಹಾಗೆ ಸುತ್ತಿಕೊಂಡಿದೆ. ಇವು ಒಟ್ಟಿಗೆ ಬಿಗಿದಾಗ ಸೊಂಟದ 5 ಕಶೇರುಗಳಿಗೆ ಆಸರೆ ಸಿಗುತ್ತದೆ. ನೇಕಾರನಿಗೆ ಬೇಕಾದದ್ದು ಸಂಜೆಯವರೆಗೂ ಸೋಲದ ತಾಳಿಕೆ.

ಆದ್ದರಿಂದ ಮಲಗಿ ಎದ್ದು ಕೂರುವ ಕಸರತ್ತನ್ನು ನಾನು ಮಾಡುವುದಿಲ್ಲ; ಅದು ಕಶೇರುಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳನ್ನು ಮತ್ತೆ ಮತ್ತೆ ಬಗ್ಗಿಸುತ್ತದೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಟ್ಟ ಮೂರು ವ್ಯಾಯಾಮಗಳು ನನಗೆ ಸಾಕು. ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಸೊಂಟದ ಕೆಳಗೆ ಅಂಗೈ ಇಟ್ಟು, ತಲೆ ಮತ್ತು ಭುಜಗಳನ್ನು ತುಸುವೇ ಎತ್ತುವುದು ಒಂದು. ಪಕ್ಕಕ್ಕೆ ತಿರುಗಿ ಮೊಣಕೈ ಊರಿ ನಡುವನ್ನು ಎತ್ತಿ ಹಿಡಿಯುವುದು ಇನ್ನೊಂದು. ಮೂರನೆಯದು ನೇಕಾರರಿಗೆಂದೇ ಹುಟ್ಟಿದ್ದು ಎನ್ನುತ್ತೇನೆ. ಅಂಬೆಗಾಲಿನ ಭಂಗಿಯಲ್ಲಿ ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಬೇಕು, ಆಮೇಲೆ ಕೈಕಾಲು ಬದಲಿಸಬೇಕು. ಸೊಂಟ ಮಾತ್ರ ಓರೆಯಾಗಬಾರದು. ಮಗ್ಗ ಕೇಳುವುದೂ ಇದನ್ನೇ ತಾನೆ! ಪ್ರತಿ ಸಲ 8–10 ಸೆಕೆಂಡ್ ಹಿಡಿದು ಬಿಡುತ್ತೇನೆ, ಉಸಿರು ಕಟ್ಟುವುದಿಲ್ಲ.

ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಹಾಗಾಗಿ ಎದ್ದ ಮೊದಲ ತಾಸಿನಲ್ಲಿ ಬಗ್ಗುವ ಕೆಲಸಕ್ಕೆ ಹೋಗುವುದಿಲ್ಲ. ಕೂರುವ ಹಲಗೆಯ ಮೇಲೆ ಚಳ್ಳಕೆರೆಯ ಕಂಬಳಿಯೊಂದನ್ನು ಮಡಚಿ ಹಾಕಿದ್ದೇನೆ. ಸೊಂಟ ಮಂಡಿಗಿಂತ ಮೇಲಿದ್ದರೆ ಬೆನ್ನು ಗೂನಾಗುವುದು ಕಡಿಮೆ. ಲಾಳಿಯೊಳಗಿನ ನೂಲಿನ ಸುರುಳಿ, ಅಂದರೆ ಕಂಡಿಕೆ, ನಾಲ್ಕಾರು ಮುಗಿದರೆ ಗುಂಡಿಯಿಂದ ಎದ್ದು ಅಂಗಳದಲ್ಲಿ ಒಂದು ಸುತ್ತು ನಡೆಯುತ್ತೇನೆ.

ಮಾತ್ರೆ ನುಂಗಿ ಮತ್ತೆ ಮಗ್ಗಕ್ಕೆ ಕೂರುವ ನಮ್ಮವರನ್ನು ನೋಡಿದರೆ ಸಂಕಟವಾಗುತ್ತದೆ. ಸೊಂಟ ಹಿಡಿಯಿತೆಂದು ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ಒಳ್ಳೆಯದಲ್ಲ, ಆದಷ್ಟು ಓಡಾಡಬೇಕು. ಆದರೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಮಲಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮದ ಮಾತು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಇರಲಿ.