ಗಿಡ್ಡಪ್ಪ ಕದ್ದ ಓಲೆ: ಪಾತ್ರವೂ ಉಳಿಯಬೇಕು, ಆಟವೂ ನಡೆಯಬೇಕು

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ನಮ್ಮ ಭಾನುವಾರದ ಆಟ ಒಮ್ಮೆ ಮೂರು ವಾರ ನಿಂತುಹೋಗಿತ್ತು. ನಿಲ್ಲಿಸಿದವಳು ನಾನೇ. ಒಂದು ಜೊತೆ ಓಲೆ ಕದ್ದಿದ್ದೆ. ಅದೂ ಕಾಗದದ ಮೇಲೆ.

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಊಟದ ಮೇಜಿನ ಸುತ್ತ ಐದು ಜನ ಕೂರುತ್ತೇವೆ. ನನ್ನ ತಮ್ಮ ಡಿಎಂ, ಅಂದರೆ ಕಥೆ ನಡೆಸುವವನು. ಡಿಗ್ರಿ ಓದುತ್ತಿರುವ ಅಕ್ಕನ ಮಗಳದ್ದು ಶಾಂತಿ ಎಂಬ ಕ್ಲೆರಿಕ್, ಅಂದರೆ ದೇವರ ಬಲದಿಂದ ಗಾಯ ವಾಸಿಮಾಡುವವಳು. ಪಕ್ಕದ ಬೀದಿಯ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರದ್ದು ವೀರಭದ್ರ ಎಂಬ ಪ್ಯಾಲಡಿನ್, ಅಂದರೆ ಧರ್ಮಕ್ಕೆ ಕಟ್ಟುಬಿದ್ದ ಯೋಧ. ಮೆಡಿಕಲ್ ಶಾಪಿನ ಹುಡುಗನದ್ದು ಮಂತ್ರವಾದಿ. ಹುಡುಗನೂ ಮಾತು ಕಮ್ಮಿ, ಮಂತ್ರವಾದಿಯೂ ಮಾತು ಕಮ್ಮಿ. ನಾನು ವಾರವೆಲ್ಲ ಮಂಡ್ಯಕ್ಕೆ ರೈಲಲ್ಲಿ ಹೋಗಿ ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸುತ್ತೇನೆ. ಭಾನುವಾರ ಗಿಡ್ಡಪ್ಪ ಎಂಬ ಮೂರಡಿ ಕಳ್ಳನಾಗುತ್ತೇನೆ. ಯಾಕೆ ಕಳ್ಳನೇ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ. ಡಿಎಂ ಸನ್ನಿವೇಶ ಹೇಳುತ್ತಾನೆ, ನಾವು ನಮ್ಮ ನಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತೇವೆ, ಆಗುತ್ತೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ದಾಳ ಮೈಸೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಮಣೆಯಾಟ ಕಟ್ಟಿದವರು. ಆದರೆ ಪಗಡೆಯಲ್ಲಿ ಕಾಯಿ ಹಣ್ಣಾದರೆ ಗೆದ್ದೆ ಅಂತ ಗೊತ್ತಾಗುತ್ತದೆ. ಇಲ್ಲಿ ಗೆಲ್ಲುವವರೇ ಇಲ್ಲ. ಹಾಗಾಗಿ ಕೆಲವರು 'ನನ್ನ ಪಾತ್ರವನ್ನು ಅಚ್ಚುಕಟ್ಟಾಗಿ ಆಡಿದರೆ ನಾನು ಗೆದ್ದ ಹಾಗೆ' ಅಂದುಕೊಂಡುಬಿಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಆಗಿದ್ದು ಹೀಗೆ. ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಮುಳುಗಿದ ವೇಣುಗೋಪಾಲಸ್ವಾಮಿ ಗುಡಿ ಇತ್ತಲ್ಲ, ಬರಗಾಲದಲ್ಲಿ ನೀರಿಳಿದರೆ ಕಾಣಿಸುತ್ತಿದ್ದದ್ದು. ಅದನ್ನೇ ನೆನಪಲ್ಲಿಟ್ಟುಕೊಂಡು ತಮ್ಮ ಒಂದು ಕಥೆ ಕಟ್ಟಿದ್ದ. ಕೆರೆ ಬತ್ತಿದೆ, ಗುಡಿಯ ತುದಿ ಕಂಡಿದೆ, ನಾವು ರಾತ್ರಿ ದಂಡೆಯಲ್ಲಿ ತಂಗಿದ್ದೇವೆ. ಅಕ್ಕನ ಮಗಳು ಕಾಫಿ ತರಲು ಒಳಗೆ ಹೋದಳು. ನಾನು ಒಂದು ಚೀಟಿ ಬರೆದು ತಮ್ಮನ ಕೈಗಿಟ್ಟೆ: 'ಶಾಂತಿ ಮಲಗಿದ್ದಾಗ ಅವಳ ಓಲೆ ಬಿಚ್ಚಿಕೊಳ್ತೀನಿ.' ಅವನು ದಾಳದ ಕಡೆ ಕಣ್ಣು ತೋರಿಸಿದ. 17 ಬಿತ್ತು. ನನ್ನ ಕೈಚಳಕಕ್ಕೆ 7 ಸೇರಿಸಿ 24. ಮರುದಿನ, ಅಂದರೆ ಕಥೆಯೊಳಗಿನ ಮರುದಿನ, ಗಿಡ್ಡಪ್ಪ ಅದನ್ನು 50 ಚಿನ್ನದ ನಾಣ್ಯಕ್ಕೆ ಮಾರಿದ.

ಎರಡು ವಾರ ಬಿಟ್ಟು ವಿಷಯ ಹೊರಬಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ನಾನು ನಗುತ್ತಾ ಹೇಳಿದೆ, "ನಾನೇನ್ ಮಾಡ್ಲಿ? ಗಿಡ್ಡಪ್ಪ ಇರೋದೇ ಹಾಗೆ. ಅವನು ಕಳ್ಳ."

ಅವಳು ತನ್ನ ಪಾತ್ರದ ವಿವರ ಬರೆದಿಟ್ಟ ಶೀಟ್ ಮಡಚಿದಳು. ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. "ಎಕ್ಸಾಮ್ ಇದೆ ಚಿಕ್ಕಮ್ಮ, ಇನ್ನು ಬರೋದು ಕಷ್ಟ" ಅಂದಳು. ಹಿಂದಿನ ವರ್ಷ ಅವಳ ಅಪ್ಪನ ತಾಯಿ ತೀರಿಕೊಂಡಿದ್ದರು. ಶೀಟಿನಲ್ಲಿ ಅವಳು ಬರೆದಿದ್ದಳು: 'ಅಜ್ಜಿ ಕೊಟ್ಟ ಏಳು ಕಲ್ಲಿನ ಓಲೆ. ಯಾವತ್ತೂ ಬಿಚ್ಚಲ್ಲ.' ಆ ಶೀಟ್ ಅಷ್ಟು ದಿನದಿಂದ ನನ್ನ ಮೂಗಿನ ಮುಂದೆಯೇ ಇತ್ತು. ನಾನು ಓದಿರಲಿಲ್ಲ.

ಶೀಟ್ ಬರೆಯುವಾಗಲೇ

ಕಳ್ಳ ಅಂತ ಬರೆದವರು ಯಾರು? ನಾನೇ. ಯಾರ ಹತ್ತಿರ ಕದಿಯುತ್ತಾನೆ, ಯಾರ ಹತ್ತಿರ ಕದಿಯಲ್ಲ ಅಂತಲೂ ಬರೆಯಬಹುದಿತ್ತು, ಬರೆಯಲಿಲ್ಲ. 2014ರ ಐದನೇ ಆವೃತ್ತಿಯ ಶೀಟಿನಲ್ಲಿ ಪಾತ್ರದ ಸ್ವಭಾವಕ್ಕೆ ನಾಲ್ಕು ಮನೆಗಳಿವೆ: ಗುಣ, ಆದರ್ಶ, ನಂಟು, ದೋಷ. ದೋಷದ ಮನೆಯಲ್ಲಿ ನಾನು ಉತ್ಸಾಹದಿಂದ 'ಹೊಳೆಯೋದು ಕಂಡರೆ ಕೈ ನಿಲ್ಲಲ್ಲ' ಅಂತ ಗೀಚಿದ್ದೆ. ನಂಟಿನ ಮನೆ ಖಾಲಿ. ಎಷ್ಟೋ ಜನ ಮಾಡುವುದು ಇದೇ. ದೋಷ ಬರೆಯುವುದು ಮಜಾ, ನಂಟು ಬರೆಯುವುದು ಬೇಜಾರು.

ಅದಕ್ಕೆ ಈಗ ನಮ್ಮ ಮನೆಯಲ್ಲಿ ಶೀಟಿನ ಕೆಳಗೆ ಎರಡು ಸಾಲು ಬರೆಯದೆ ಯಾರೂ ದಾಳ ಮುಟ್ಟುವ ಹಾಗಿಲ್ಲ. ಒಂದು, ಈ ಪಾತ್ರ ಈ ಗುಂಪಿನ ಜೊತೆ ಯಾಕೆ ಇದೆ. 'ಸುಮ್ನೆ ಜೊತೆಗೆ ಬಂದೆ' ಅಂದರೆ ನಡೆಯಲ್ಲ. ಸಾಲ ಇರಲಿ, ಹರಕೆ ಇರಲಿ, ಹಗೆ ಇರಲಿ, ಏನಾದರೂ ಬೇಕು. ಎರಡು, ಗುಂಪಿನಲ್ಲಿ ಯಾರ ಮಾತಿಗೆ ಈ ಪಾತ್ರ ಬಗ್ಗುತ್ತದೆ.

ಕೆಲಸಕ್ಕೆ ಬರುವುದು ಆ ಎರಡನೆಯದು. ಗಿಡ್ಡಪ್ಪನನ್ನು ಚಿಕ್ಕಂದಿನಲ್ಲಿ ಪಾಳುಬಾವಿಯಿಂದ ಎತ್ತಿದವನು ವೀರಭದ್ರ ಅಂತ ಈಗ ಬರೆದಿದ್ದೇನೆ. ನಾನು ಮಿತಿ ಮೀರಿದಾಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡು "ಗಿಡ್ಡಾ, ಬಾವಿ" ಅನ್ನುತ್ತಾರೆ. ಅಷ್ಟೇ ಸಾಕು. ಗಿಡ್ಡಪ್ಪ ಗೊಣಗಿಕೊಂಡು ಹಿಂದೆ ಸರಿಯುತ್ತಾನೆ. ಪಾತ್ರ ಮುರಿಯಲಿಲ್ಲ, ನನಗೆ ಮುಖಭಂಗ ಆಗಲಿಲ್ಲ, ಬೇರೆಯವರಿಗೆ ನಗಲು ಒಂದು ಮಾತೂ ಸಿಕ್ಕಿತು. ಸ್ವಭಾವ ಹಾಗೇ ಇದೆ. ದಾರಿಹೋಕರ ಜೇಬು ಈಗಲೂ ಸುರಕ್ಷಿತ ಅಲ್ಲ. ಉಂಡ ಮನೆಗೆ ಎರಡು ಬಗೆಯದ ಕಳ್ಳನೂ ಕಳ್ಳನೇ.

ಮತ್ತೆ, ಒಬ್ಬರ ಶೀಟ್ ಇನ್ನೊಬ್ಬರು ಓದಿ. ಗುಟ್ಟು ಇದ್ದರೆ ಆ ಸಾಲು ಮುಚ್ಚಿಕೊಳ್ಳಿ, ಉಳಿದದ್ದು ತೋರಿಸಿ. ಹತ್ತು ನಿಮಿಷದ ಕೆಲಸ.

ಲೋಟ ಎತ್ತಿ ಕೇಳಿ

ಜೊತೆಯವರ ಪಾತ್ರಕ್ಕೆ ಏನಾದರೂ ಮಾಡಬೇಕು ಅನ್ನಿಸಿತು. ಕದಿಯುವುದು, ಮೋಸ ಮಾಡುವುದು, ಗುಟ್ಟು ಬಯಲು ಮಾಡುವುದು, ಹೊಡೆಯುವುದು. ಮೊದಲು ಪಾತ್ರದಿಂದ ಹೊರಗೆ ಬಂದು ಕೇಳಿ. ಯಾವುದು ಪಾತ್ರದ ಮಾತು, ಯಾವುದು ನಮ್ಮ ಮಾತು ಅಂತ ಗೊಂದಲ ಆಗಬಾರದು ಅಂತ ನಾವು ಒಂದು ಗುರುತು ಮಾಡಿಕೊಂಡಿದ್ದೇವೆ. ಕಾಫಿ ಲೋಟ ಎತ್ತಿ ಹಿಡಿದು ಮಾತಾಡಿದರೆ ಅದು ನಮ್ಮ ಮಾತು. ಕಾಫಿ ಮುಗಿದಿದ್ದರೂ ಲೋಟ ಮೇಜಿನ ಮೇಲೇ ಇರುತ್ತದೆ. ಆಟ ಮುಗಿಯುವವರೆಗೆ ತೊಳೆಯುವ ಹಾಗಿಲ್ಲ.

ಆ ದಿನ ನಾನು ಲೋಟ ಎತ್ತಿ "ನಿನ್ನ ಓಲೆ ಕದಿಯೋಣ ಅಂತಿದ್ದೀನಿ ಕಣೆ, ಪರವಾಗಿಲ್ವಾ?" ಅಂತ ಕೇಳಿದ್ದರೆ ಅವಳು ಬೇಡ ಅನ್ನುತ್ತಿದ್ದಳು. ಅಥವಾ ಸರಿ ಅನ್ನುತ್ತಿದ್ದಳು. ಅಥವಾ "ಕದಿ, ಆದ್ರೆ ಬಿಚ್ಚೋವಾಗ ನಂಗೆ ಎಚ್ಚರ ಆಗ್ಬೇಕು" ಅನ್ನುತ್ತಿದ್ದಳು. ಈ ಮೂರನೇ ಉತ್ತರ ಬಂದರೆ ಹಬ್ಬ. ಅರ್ಧ ಗಂಟೆಯ ರಂಪ, ಮೇಷ್ಟ್ರ ಪಂಚಾಯ್ತಿ, ಎಲ್ಲರಿಗೂ ಕೆಲಸ. ನಿಮ್ಮ ಗುಟ್ಟು ಹಾಳಾಗುತ್ತದೆ, ನಿಜ. ಆದರೆ ಒಬ್ಬರಿಗೇ ಗೊತ್ತಿರುವ ಗುಟ್ಟಿನಿಂದ ನಗುವವರು ಒಬ್ಬರೇ. ಚೀಟಿ ಪದ್ಧತಿಯನ್ನು ನಮ್ಮ ತಮ್ಮ ಅವತ್ತಿನಿಂದಲೇ ರದ್ದು ಮಾಡಿದ. ಚೀಟಿ ಓದಿ ಕಣ್ಣು ತೋರಿಸಿದ್ದು ತನ್ನದೂ ತಪ್ಪು ಅಂತ ಒಪ್ಪಿಕೊಂಡ.

'ದಾಳ ಉರುಳಿಸಿದರೆ ನ್ಯಾಯ ಅಲ್ವಾ' ಅಂತ ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ. ಮೂರನೇ ಲೆವೆಲ್ಲಿನ ಕಳ್ಳ, ಚುರುಕುತನ 16. ಅದಕ್ಕೆ ದಾಳದ ಜೊತೆ ಸೇರುವುದು 3. ಕೈಚಳಕದಲ್ಲಿ ಇಮ್ಮಡಿ ಪಳಗಿದವನು, ಅದಕ್ಕೆ 4. ಒಟ್ಟು 7. ಮಲಗದೆ ಎಚ್ಚರವಾಗೇ ಇದ್ದರೂ ಶಾಂತಿಯ ಗಮನ 13, ನನ್ನ ಒಟ್ಟು ಅಷ್ಟು ಮುಟ್ಟಿದರೆ ಸಾಕು. ಅಂದರೆ ದಾಳದಲ್ಲಿ 6 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ನನ್ನ ಕೆಲಸ ಆಯಿತು. ನೂರಕ್ಕೆ 75 ಪಾಲು ನಾನೇ ಗೆಲ್ಲುವ ದಾಳ ಅದು. ಅವಳು ಗಾಯ ವಾಸಿಮಾಡುವವಳು, ನಾನು ಕದಿಯುವವಳು. ಕದಿಯುವ ಪಂದ್ಯಕ್ಕೆ ಅವಳನ್ನು ಕರೆದು ನ್ಯಾಯ ಅಂದರೆ ಹೇಗೆ? ಹಾಗಾಗಿ ಜೊತೆಯವರ ಮೇಲೆ ಏನೇ ಮಾಡಿದರೂ ನಮ್ಮಲ್ಲಿ ದಾಳ ಇಲ್ಲ. ಏನಾಯಿತು ಅನ್ನುವುದನ್ನು ಮಾಡಿಸಿಕೊಂಡವರೇ ಹೇಳುತ್ತಾರೆ.

ಒಳ್ಳೆಯವರ ಕಾಟ

ಕಳ್ಳರು ಮಾತ್ರ ಆಟ ಕೆಡಿಸುತ್ತಾರೆ ಅಂದುಕೊಳ್ಳಬೇಡಿ. ಧರ್ಮಾತ್ಮರೂ ಕಮ್ಮಿಯಿಲ್ಲ. ಗುಡಿಯ ಕಾವಲುಗಾರನಿಗೆ ಒಂದು ಸಣ್ಣ ಸುಳ್ಳು ಹೇಳಿ ಒಳಗೆ ಹೋಗಬೇಕಿತ್ತು. ಮೇಷ್ಟ್ರ ವೀರಭದ್ರ ಸುಳ್ಳು ಹೇಳಲ್ಲ, ಹೇಳಲು ಬಿಡುವುದೂ ಇಲ್ಲ. ನಲವತ್ತು ನಿಮಿಷ ಬಾಗಿಲಲ್ಲೇ ನಿಂತೆವು. ಹುರಿಗಡಲೆ ಬಟ್ಟಲು ಖಾಲಿಯಾಯಿತು. ಕೊನೆಗೆ ತಮ್ಮ ಲೋಟ ಎತ್ತಿ, "ಸಾರ್, ವೀರಭದ್ರನಿಗೆ ಇಲ್ಲಿಂದ ಐದು ನಿಮಿಷ ಆಚೆ ಹೋಗೋಕೆ ಏನಾದ್ರೂ ನೆಪ ಇದೆಯಾ?" ಅಂತ ಕೇಳಿದ. ಮೇಷ್ಟ್ರು ಯೋಚನೆ ಮಾಡಿದರು. "ಕುದುರೆಗೆ ನೀರು ಕುಡಿಸಿಲ್ಲ" ಅಂದರು.

ಬೇಕಾಗಿದ್ದು ಅದೇ. ಪಾತ್ರ ಆಟಕ್ಕೆ ಅಡ್ಡ ನಿಂತಿದೆ ಅನ್ನಿಸಿದಾಗ ಪಾತ್ರವನ್ನು ಬದಲಾಯಿಸಬೇಡಿ, ನೆಪ ಹುಡುಕಿ. ಮನುಷ್ಯರು ದಿನಾ ಮಾಡುವುದೇ ಅದು. ಮದುವೆ ಮನೆಯಲ್ಲಿ ಬೇಡದವರು ಎದುರಾದರೆ ಪಕ್ಕದ ಕೋಣೆಯಲ್ಲಿ ಏನೋ ಮರೆತ ಹಾಗೆ ಎದ್ದು ಹೋಗಲ್ವಾ? ಒಂದೇ ಸ್ವಭಾವಕ್ಕೆ ಯಾವ ಗಳಿಗೆಯಲ್ಲೂ ನಾಲ್ಕಾರು ನಡೆ ಇರುತ್ತವೆ. ಅದರಲ್ಲಿ ಆಟ ಮುಂದೆ ಹೋಗುವ ನಡೆ ಆರಿಸಿ.

ಹಾಗಂತ ಎಲ್ಲರೂ ಹೂಂ ಅಂತ ತಲೆಯಾಡಿಸಿಕೊಂಡು ಕೂತರೆ ಆಟ ಸಪ್ಪೆ. ಜಗಳ ಬೇಕು. ನನ್ನ ಅಳತೆ ಒಂದೇ: ನಾನು ಇದನ್ನು ಮಾಡಿದ ಮೇಲೆ ಉಳಿದವರಿಗೆ ಮಾಡಲು ಕೆಲಸ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ? ಕಾವಲುಗಾರನ ಬೀಗದಕೈ ಕದ್ದರೆ ಎಲ್ಲರೂ ಓಡಬೇಕು. ಶಾಂತಿಯ ಓಲೆ ಗುಟ್ಟಾಗಿ ಕದ್ದರೆ ನಾನೊಬ್ಬಳೇ ಆಡಿದ ಹಾಗೆ.

ಮದ್ದೂರು ಕಡೆ ನಮ್ಮ ಸೋದರಮಾವನ ಊರಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ವೇಷ ಹಾಕುತ್ತಾರೆ. ಮಾವ ದುರ್ಯೋಧನ. ದುಡ್ಡು ಕೊಟ್ಟಿದ್ದೇನೆ ಅಂತ ಹಾಡನ್ನು ಎಳೆಯುತ್ತಲೇ ಇದ್ದರು. ಭೀಮ ಗದೆ ಹೊತ್ತು ಪಕ್ಕದಲ್ಲಿ ಆಕಳಿಸುತ್ತಿದ್ದ. ಹಾರ್ಮೋನಿಯಂ ಮೇಷ್ಟ್ರು ಸುಮ್ಮನೆ ಕೈ ಎತ್ತಿ, ಎಲೆಯಡಿಕೆ ಡಬ್ಬಿ ತೆಗೆದರು. ಮಾವನಿಗೆ ಅರ್ಥವಾಯಿತು. ನಮ್ಮ ಮೇಜಿಗೆ ಹಾರ್ಮೋನಿಯಂ ಇಲ್ಲ, ನಾವೇ ನೋಡಿಕೊಳ್ಳಬೇಕು. ಗಿಡ್ಡಪ್ಪನ ಭಾಷಣ ಎರಡು ನಿಮಿಷ ದಾಟಿದರೆ ನಾನೇ ಮಾತನ್ನು ದಾಟಿಸುತ್ತೇನೆ, "ಮಂತ್ರವಾದೀ, ಈ ಕಲ್ಲಿನ ಮೇಲೆ ಏನೋ ಕೊರೆದಿದೆ, ನಿಂಗೆ ಓದೋಕೆ ಬರುತ್ತಾ?" ಅಂತ. ಮೆಡಿಕಲ್ ಹುಡುಗ ಬಾಯಿ ಬಿಡುವುದು ಹೀಗೆ ಕೇಳಿದಾಗಲೇ.

ಡಿಎಂ ಆದವರಿಗೆ ಎರಡು ಮಾತು. ತರಲೆ ಪಾತ್ರಕ್ಕೆ ಆಟದೊಳಗೆ ಸಿಡಿಲು ಬಡಿಸಿ ಬುದ್ಧಿ ಕಲಿಸಲು ಹೋಗಬೇಡಿ. ಅವರು ಅದನ್ನೂ ಕಥೆ ಅಂದುಕೊಂಡು ಇನ್ನೂ ಹುಮ್ಮಸ್ಸಿನಿಂದ ತರಲೆ ಮಾಡುತ್ತಾರೆ. ಆಟ ಮುಗಿದ ಮೇಲೆ ಗೇಟಿನ ಹತ್ತಿರ ನಿಲ್ಲಿಸಿ ನೇರವಾಗಿ ಹೇಳಿ. ಇನ್ನೊಂದು, 2014ರ ಆವೃತ್ತಿಯಲ್ಲಿ ಇನ್‌ಸ್ಪಿರೇಷನ್ ಎಂಬ ಬಹುಮಾನ ಇದೆಯಲ್ಲ, ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಪಾತ್ರದ ಸ್ವಭಾವಕ್ಕೆ ತಕ್ಕಂತೆ ಆಡಿದರೆ ಕೊಡುವುದು ರೂಢಿ. ತಮ್ಮ ಈಗ ಅದಕ್ಕೆ ಹುಣಸೆ ಬೀಜ ಕೊಡುತ್ತಾನೆ, ಸ್ವಭಾವ ಇನ್ನೊಬ್ಬರ ಆಟಕ್ಕೆ ದಾರಿ ಮಾಡಿಕೊಟ್ಟಾಗ ಮಾತ್ರ. ಆ ಬೀಜವನ್ನು ಜೊತೆಯವರಿಗೆ ದಾನ ಮಾಡಲೂ ನಿಯಮದಲ್ಲಿ ಅವಕಾಶ ಇದೆ.

ಮೇಜಿನ ನಡುವೆ ಒಂದು ಕೇರಂ ಸ್ಟ್ರೈಕರ್ ಇಟ್ಟಿದ್ದೇವೆ. ಜಾನ್ ಸ್ಟಾವ್ರೊಪೌಲೋಸ್ ಎಂಬುವರು ರೂಪಿಸಿದ ಎಕ್ಸ್ ಕಾರ್ಡ್ ಅಂತ ಒಂದಿದೆ, ಅದರ ಬದಲಿಗೆ. ಯಾರಿಗಾದರೂ ನಡೆಯುತ್ತಿರುವುದು ಬೇಡ ಅನ್ನಿಸಿದರೆ ಮುಟ್ಟುತ್ತಾರೆ. ಕಾರಣ ಕೇಳುವ ಹಾಗಿಲ್ಲ, ಕಥೆ ಬೇರೆ ಕಡೆ ತಿರುಗುತ್ತದೆ. ಹಾವಿನ ಸನ್ನಿವೇಶದಲ್ಲಿ ಒಮ್ಮೆ ಮೇಷ್ಟ್ರು ಮುಟ್ಟಿದರು. ಹಾವು ಹೋಗಿ ಚೇಳು ಬಂತು.

ಕೆಟ್ಟ ಮೇಲೆ

ಮೂರನೇ ಭಾನುವಾರ ನಾನು ಅಕ್ಕನ ಮನೆಗೆ ಹೋದೆ. ಗಿಡ್ಡಪ್ಪನ ದನಿಯಲ್ಲಿ ಕ್ಷಮೆ ಕೇಳಿ ನಗಿಸಿಬಿಡೋಣ ಅಂತ ಆಸೆ ಇತ್ತು. ಅದು ತಪ್ಪಿಸಿಕೊಳ್ಳುವ ದಾರಿ. ನನ್ನ ದನಿಯಲ್ಲೇ ಕೇಳಿದೆ. "ಆ ಕಳ್ಳತನ ಆಗ್ಲೇ ಇಲ್ಲ ಅಂತ ಅಳಿಸಿಬಿಡೋಣ್ವಾ?" ಅಂದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು.

"ಬೇಡ ಚಿಕ್ಕಮ್ಮ. ಹುಡುಕಿ ತಂದುಕೊಡ್ಲಿ."

50ಕ್ಕೆ ಮಾರಿದ್ದನ್ನು ಅಂಗಡಿಯವನು 200 ಕೇಳಿದ. ಅದೂ ಒಂದು ಓಲೆಗೆ. ಜೊತೆಯನ್ನು ಒಡೆದು ಇನ್ನೊಂದನ್ನು ಯಾವನೋ ದೋಣಿಯವನಿಗೆ ಮಾರಿದ್ದನಂತೆ. ಐದು ಭಾನುವಾರ ಆಯಿತು. ದೋಣಿಯವನ ಸುಳಿವು ಈಗಷ್ಟೇ ಸಿಕ್ಕಿದೆ. ಹುಡುಕಾಟ ನಡೆಸುತ್ತಿರುವುದು ಶಾಂತಿ. ಗಿಡ್ಡಪ್ಪ ಹಿಂದೆ ಮೂಟೆ ಹೊತ್ತು ನಡೆಯುತ್ತಾನೆ. ನನ್ನ ಶೀಟಿನ ನಂಟಿನ ಮನೆಯಲ್ಲಿ ಈಗ ಅವಳ ಕೈಬರಹದಲ್ಲಿ ಒಂದು ಸಾಲಿದೆ: 'ಶಾಂತಿಯ ವಸ್ತು ಕೇಳದೆ ಮುಟ್ಟಲ್ಲ.' 'ಕೇಳದೆ' ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.