ತೋಟಾ ಇಡುವುದಕ್ಕೂ ಒಂದು ಕ್ರಮವಿದೆ

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಯನ್ನೂ ಮಾಡುತ್ತಾರೆ. ಕೋವಿಗೆ ತುಂಬುವ ಮದ್ದುಗುಂಡಿನ ತೋಟಾಗಳನ್ನು ಕೇಳುವವರಿಲ್ಲ. ಇಡೀ ಮಳೆಗಾಲ ಹಳೇ ಬಿಸ್ಕತ್ ಡಬ್ಬಿಯಲ್ಲೋ ಬೀರುವಿನ ಮೂಲೆಯಲ್ಲೋ ಬಿದ್ದಿರುತ್ತವೆ.

ಮೊದಲು ಕೋವಿಯನ್ನು ಮಡಚಿ ತೆರೆದು ನಳಿಗೆ ಖಾಲಿಯಿದೆಯೇ ನೋಡಿ, ಬೀಗ ಹಾಕಿ. ತೋಟಾಗೆ ಬೇರೆ ಕಪಾಟು, ಬೇರೆ ಬೀಗ. ಎರಡು ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಹಾಕಿದರೆ ಬೇರೆ ಬೇರೆ ಇಟ್ಟು ಪ್ರಯೋಜನವಿಲ್ಲ. ದೇವರ ಫೋಟೊದ ಹಿಂದೆ ಅಡಗಿಸಿದ ಬೀಗದ ಕೈ ಎಲ್ಲಿದೆಯೆಂದು ಮನೆಯ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಜಾಗ. ಥಂಡಿಗೆ ಹೆದರಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಹೆಚ್ಚು ಕಾಲ ಬಿಸಿ ತಗುಲಿದರೆ ಒಳಗಿನ ಮದ್ದು ಕೆಡುತ್ತದೆ. ಮಳೆ ಹೊಡೆಯುವ ಗೋಡೆಗೆ ತಾಗದ ಒಳಕೋಣೆ, ನೆಲದಿಂದ ಎತ್ತರದ ಮರದ ಕಪಾಟು ಸಾಕು. ತೋಟಾಗಳು ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲೇ ಇರಲಿ, ಜೊತೆಗೆ ಸಿಲಿಕಾ ಜೆಲ್ ಚೀಲ ಇಡಿ. ಕಿತ್ತಳೆ ಬಣ್ಣದ ಹರಳು ಹಸಿರಾಯಿತೆಂದರೆ ಅದು ನೀರು ಕುಡಿದಿದೆ, ಬದಲಾಯಿಸಿ. ಚರ್ಮದ ಬೆಲ್ಟಿನಲ್ಲಿ ವರ್ಷಗಟ್ಟಲೆ ಸಿಕ್ಕಿಸಿಟ್ಟರೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ಕೋವಿಗೆ ಹಚ್ಚುವ ಎಣ್ಣೆಯನ್ನು ತೋಟಾಗೆ ಸವರುವುದೂ ಬೇಡ. ಅದು ಹಿಂಬದಿಯಲ್ಲಿ ಏಟು ಬಿದ್ದಾಗ ಕಿಡಿ ಕೊಡುವ ಕೇಪಿನೊಳಗೆ ಇಳಿದರೆ ಈಡು ಹಾರುವುದಿಲ್ಲ.

ಬೋರ್, ಅಂದರೆ ನಳಿಗೆಯ ಅಳತೆ, ಬೇರೆ ಬೇರೆ ಇರುವ ತೋಟಾಗಳನ್ನು ಬೆರೆಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬೋರಿನ ಸಂಖ್ಯೆ ದೊಡ್ಡದಾದಷ್ಟೂ ತೋಟಾ ಸಣ್ಣದು. 20 ಬೋರಿನ ತೋಟಾ 12 ಬೋರಿನ ಕೋವಿಗೆ ಹಾಕಿದರೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿಯಿದ್ದಂತೆಯೇ ಕಾಣಬಹುದು. ಅದರ ಮೇಲೆ 12 ಬೋರಿನದನ್ನು ಹಾಕಿ ಕುದುರೆ ಎಳೆದರೆ ನಳಿಗೆ ಸೀಳಿ ಹಿಡಿದವನ ಕೈ ಹೋಗುತ್ತದೆ. ಬೇರೆ ಬೇರೆ ಬೋರಿನ ಎರಡು ಕೋವಿಯಿರುವ ಮನೆಯಲ್ಲಿ ತೋಟಾ ಪೆಟ್ಟಿಗೆಗಳನ್ನು ಒಂದೇ ಅರೆಯಲ್ಲಿ ಇಡಲೇಬಾರದು.

ಬಾಯಿಂದ ಕರಿಮದ್ದು ತುಂಬಿ ಕೇಪಿನಿಂದ ಹಾರಿಸುವ ಹಳೇ ಕೇಪಿನ ಕೋವಿ ಇದ್ದವರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಕರಿಮದ್ದಿಗೆ ಒಂದು ಕಿಡಿ ಸಾಕು. ಪರವಾನಗಿಯಲ್ಲಿ ಬರೆದಷ್ಟೇ ಮದ್ದು, ಅದೂ ಬಂದ ಡಬ್ಬಿಯಲ್ಲೇ ಇರಲಿ. ಗಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಬೆಂಕಿ ಬಿದ್ದಾಗ ಬಾಂಬಿನಂತೆ ಸಿಡಿಯುತ್ತದೆ. ಕೇಪುಗಳನ್ನು ಮದ್ದಿನಿಂದ ದೂರ, ಬೇರೆ ಕಪಾಟಿನಲ್ಲೇ ಇಡಬೇಕು. ಖಾಲಿ ತೋಟಾಗೆ ಮನೆಯಲ್ಲೇ ಮದ್ದು, ಚರೆ ತುಂಬುವ ಉಮೇದು ಕೆಲವರಿಗಿದೆ. ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪ್ರತ್ಯೇಕ ಪರವಾನಗಿ ಬೇಕು, ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು.

ಉಬ್ಬಿದ, ಕಿಲುಬು ಹಿಡಿದ, ಕೇಪು ತಗ್ಗಿಹೋದ ತೋಟಾ ಕಂಡರೆ ಬಿಚ್ಚಲು ಹೋಗದೆ ಪಕ್ಕಕ್ಕಿಡಿ. ಒಲೆಗೆ ಹಾಕುವುದು, ಹೊಳೆಗೆಸೆಯುವುದು, ತೋಟದಲ್ಲಿ ಹೂಳುವುದು ಯಾವುದೂ ಸಲ್ಲ. ಠಾಣೆಗೋ ಪರವಾನಗಿ ಇರುವ ಕೋವಿ ಅಂಗಡಿಗೋ ಮೊದಲು ಫೋನ್ ಮಾಡಿ, ಅವರು ಹೇಳಿದಂತೆ ಒಪ್ಪಿಸಿ. ಎಷ್ಟು ಕೊಟ್ಟಿರೆಂದು ರಸೀದಿಯಲ್ಲಿ ಬರೆಸಿಕೊಳ್ಳಿ.